ಮೆಣಸಿನಕಾಯಿ ಬಯಲಿಗಿಳಿದ ವಿಮಾನ

ನಾನು ಈ ಊರಿಗೆ ಬಂದದ್ದು ಹೊಲಿಗೆ ಯಂತ್ರ ರಿಪೇರಿಗೆ. ಗುಡ್ಡದ ಆಚೆ ಒಂದು ಊರಿದೆ, ಅಲ್ಲಿ ಯಂತ್ರವೊಂದು ಕೆಟ್ಟು ಕೂತಿದೆ, ಹೋದರೆ ಕೆಲಸ ಸಿಕ್ಕೀತು ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ನಾನು ಹೊರಟಾಗ ಹೆಂಡತಿ ನೀಲವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. "ಸಂಜಿ ಊಟಕ್ಕ ಬರ್ತೀನಿ" ಎಂದೆ. "ಬದನಿಕಾಯಿ ಎಣ್ಣಿಗಾಯಿ ಮಾಡ್ತೀನಿ, ತಡಾ ಮಾಡಬ್ಯಾಡ" ಎಂದಳು. ಅದಾಗಿ ಆರು ವರ್ಷವಾಗಿತ್ತು, ವಿಮಾನ ಇಳಿದಾಗ.

ಈ ಊರಿನ ಬಾಗಿಲಲ್ಲಿ ಒಂದು ಗಡಿಕಲ್ಲಿದೆ. ಅದರ ಪಕ್ಕದ ಗುಡಿಸಲಲ್ಲಿ ಸಾತವ್ವ ಎಂಬ ಮುದುಕಿ ಇರುತ್ತಾಳೆ. ನಾನು ಸೈಕಲ್ ತಳ್ಳಿಕೊಂಡು ಕಲ್ಲು ದಾಟಿದ್ದೇ ತಡ, ಅವಳು ನನ್ನ ಕಾಲಿಗೆ ನೀರು ಹೊಯ್ದು, ಹಿತ್ತಾಳೆ ತಟ್ಟೆ ಬಾರಿಸಿ "ಬಂದ್ರು!" ಎಂದು ಕೂಗಿ, ಯಾರದೋ ತಲೆಯ ಮೇಲಿದ್ದ ಕೆಂಪು ಪೇಟ ತರಿಸಿ ನನಗೆ ಸುತ್ತಿದಳು. ಒಳ್ಳೆಯ ಜನ, ಬಂದವರಿಗೆ ಮರ್ಯಾದೆ ಗೊತ್ತು ಎಂದುಕೊಂಡೆ. ಪೇಟ ಕಳೆದುಕೊಂಡವನು ನನ್ನನ್ನು ಬಿಗಿಯಾಗಿ ತಬ್ಬಿಕೊಂಡು ಗಳಗಳ ಅತ್ತು, ಬುತ್ತಿ ಕಟ್ಟಿಸಿಕೊಂಡು ಕಲ್ಲಿನಾಚೆ ಓಡಿದ. ಯಾಕೆ ಅತ್ತನೆಂದು ಆಗ ತಲೆಬುಡ ತಿಳಿಯಲಿಲ್ಲ.

ಕೊನೆಗೆ ಬಂದವರೇ ಈ ಊರಿನ ದೊಡ್ಡವರು. ಅವರು ಹೇಳಿದ್ದು ನಡೆಯುತ್ತದೆ. ಇನ್ನೊಬ್ಬರು ಬರುವ ತನಕ ಅವರು ಹೋಗುವ ಹಾಗಿಲ್ಲ. ಇನ್ನೊಬ್ಬರು ಬಂದ ದಿನ ಕತ್ತಲಾಗುವುದರೊಳಗೆ ಹೋಗಲೇಬೇಕು. ಯಾಕೆ ಹೀಗೆ ಎಂದು ಕೇಳಿದರೆ, ನೀರು ಯಾಕೆ ಇಳಿಜಾರಿಗೆ ಹರಿಯುತ್ತದೆ ಎಂದು ಕೇಳಿದವನನ್ನು ನೋಡುವ ಹಾಗೆ ನೋಡುತ್ತಾರೆ. ಮೊದಲ ವಾರ ನಾನು ಕದ್ದು ಹೊರಟು ನೋಡಿದೆ. ಕಲ್ಲು ದಾಟಿ ನೆಟ್ಟಗೆ ನಡೆದೆ. ರಸ್ತೆ ನನ್ನನ್ನು ತಿರುಗಿಸಿ ಅದೇ ಕಲ್ಲಿನ ಮುಂದೆ ತಂದು ನಿಲ್ಲಿಸಿತು. ಸಾತವ್ವ ಎಲೆ ಅಡಿಕೆ ಕುಟ್ಟುತ್ತ, "ದೊಡ್ಡವರಿಗೆ ದಾರಿ ಬಿಡಂಗಿಲ್ಲ ತಮ್ಮಾ" ಎಂದಳು.

ನೀಲವ್ವನಿಗೆ ಹೇಳಿ ಕಳಿಸೋಣವೆಂದರೆ ಊರಿನವರು ಯಾರೂ ಗಡಿ ದಾಟರು. ತಿರುಗಿ ಬಂದರೆ ಪೇಟ ತಮ್ಮ ತಲೆಗೆ ಬೀಳುತ್ತದೆಂಬ ಹೆದರಿಕೆ. ಒಮ್ಮೆ ಧೈರ್ಯ ಮಾಡಿ, ಒಬ್ಬಂಟಿ ದರ್ಜಿ ಭೀಮಸಿಗೆ "ಹೋಗಿ ನನ್ನ ಮನೀಗೆ ಸುದ್ದಿ ಮುಟ್ಟಿಸಿ ಬಾ" ಎಂದು ಅಪ್ಪಣೆ ಮಾಡಿದೆ. ಗಡಿಯಾಚೆ ಅಪ್ಪಣೆ ನಡೆಯುವುದಿಲ್ಲವೆಂದು ಆಮೇಲೆ ತಿಳಿಯಿತು. ಹೋದವನು ಹೋದ, ಅವನು ಬಿಟ್ಟು ಹೋದ ಯಂತ್ರ ನನ್ನ ಪಾಲಿಗೆ ಬಂತು.

ದೊಡ್ಡಸ್ತಿಕೆಯ ಸುಖ ಹೇಳತೀರದು. ಬೆಳಗಾದರೆ ಹೆಂಗಸರು ಸಾಲಾಗಿ ನಿಂತು "ಇವತ್ತೇನು ಸಾರು ಮಾಡೂಣ್ರಿ?" ಎಂದು ಕೇಳುವರು. ಒಂದು ದಿನ ಸಿಟ್ಟು ನೆತ್ತಿಗೇರಿ "ಹಾಳಾಗಿ ಹೋಗ್ರಿ" ಎಂದುಬಿಟ್ಟೆ. ಸಂಜೆ ನೋಡುತ್ತೇನೆ, ಇಡೀ ಊರು ಚಾವಡಿಯ ಮುಂದೆ ಕೂತು, ಹಾಳಾಗುವುದು ಹೇಗೆಂದು ಚರ್ಚೆ ಮಾಡುತ್ತಿದೆ. ಕೆಲವರು ಆಗಲೇ ಹೆಂಚು ಕೀಳುತ್ತಿದ್ದರು. ಕೈಮುಗಿದು ಮಾತು ಹಿಂದಕ್ಕೆ ತೆಗೆದುಕೊಂಡೆ. ಅಂದಿನಿಂದ ಬಾಯಿಗೆ ಹೊಲಿಗೆ ಹಾಕಿಕೊಂಡೆ.

ಊರಿನ ಬಡಗಣಕ್ಕೆ ಉದ್ದಾನುದ್ದ ಬಿಳಿ ಬಂಡೆಯ ಬಯಲು. ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಾರೆ. ಬೆಳೆದದ್ದನ್ನೆಲ್ಲ ತಾವೇ ತಿನ್ನುತ್ತಾರೆ. ಈ ಊರಿನ ಸಾರು ಉಂಡವನಿಗೆ ಅದರಲ್ಲಿ ಸಂಶಯ ಉಳಿಯುವುದಿಲ್ಲ. ಆ ಮಧ್ಯಾಹ್ನ ಎರಡು ಕೆಂಪು ಸಾಲುಗಳ ನಡುವೆ ಹೆಂಗಸರು ಮೊರ ಹಿಡಿದು ಕಾಯಿ ತಿರುವುತ್ತಿದ್ದರು. ಆಕಾಶದಲ್ಲಿ ಏನೋ ಕೆಮ್ಮಿದ ಸದ್ದಾಯಿತು. ತಲೆ ಎತ್ತಿದರೆ ಪುಟ್ಟದೊಂದು ವಿಮಾನ ಅತ್ತ ವಾಲುತ್ತ ಇತ್ತ ವಾಲುತ್ತ ಬಯಲಿನ ಕಡೆಗೇ ಇಳಿಯುತ್ತಿದೆ. ಓಡಿ ಎಂದು ನಾನು ಅಪ್ಪಣೆ ಕೊಡುವ ತನಕ ಒಬ್ಬರೂ ಓಡಲಿಲ್ಲ. ವಿಮಾನ ಆ ಎರಡು ಸಾಲುಗಳನ್ನೇ ರಸ್ತೆ ಮಾಡಿಕೊಂಡು ಬಂಡೆಗೆ ಗಾಲಿ ತಾಗಿಸಿ, ಕಿರುಚುತ್ತ ಸಾಗಿ ಕೊನೆಯಲ್ಲಿ ನಿಂತಿತು. ಅದರ ಹಿಂದೆ ಊರಿನ ಒಂದು ವರ್ಷದ ಖಾರ ಕೆಂಪು ಮೋಡವಾಗಿ ಎದ್ದಿತ್ತು. ಇಡೀ ಊರು ಸೀನಿತು.

ವಿಮಾನದ ಹೊಟ್ಟೆ ತೆರೆದು ಒಂದು ಏಣಿ ಇಳಿಯಿತು. ಯಾರಾದರೂ ಇಳಿಯಲಿ ದೇವರೇ, ಒಂದೇ ಒಂದು ಕಾಲು ಈ ನೆಲ ಮುಟ್ಟಲಿ ಎಂದು ಬೇಡಿಕೊಂಡೆ. ಎತ್ತರದವನೊಬ್ಬ ಪಿಸ್ತೂಲು ಹಿಡಿದು ಇಳಿದ. ನೆಲಕ್ಕೆ ಕಾಲಿಟ್ಟವನೇ ಸೀನಿ, "ಯಾರೂ ಅಲ್ಲಾಡಬೇಡಿ!" ಎಂದು ಕೂಗಿದ. ಓಡಿ ಬಂದಿದ್ದ ಸಾತವ್ವ ತಟ್ಟೆ ಎತ್ತಿದ ಕೈ ಹಾಗೇ ನಿಲ್ಲಿಸಿದಳು. ಊರಿಗೆ ಊರೇ ಕಲ್ಲಾಯಿತು. ನೊಣ ಮೂಗಿನ ಮೇಲೆ ಕೂತರೂ ಯಾರೂ ಅಲ್ಲಾಡಲಿಲ್ಲ.

ಅವನಿಗೇ ಗಾಬರಿಯಾಯಿತು. "ಏನಾಗಿದೆ ಇವ್ರಿಗೆ?" ಎಂದು ಏಣಿಯ ಮೇಲಿದ್ದ ಜೊತೆಗಾರನನ್ನು ಕೇಳಿದ. ಜೊತೆಗಾರ ಎದೆಗೆ ಒಂದು ಚೀಲ ಅವಚಿಕೊಂಡಿದ್ದ. "ನಂಗೇನ್ ಗೊತ್ತು ಜಯರಾಜ? ಪೈಲಟ್ಟಿಗೇ ಇದು ಯಾವೂರು ಅಂತ ಗೊತ್ತಿಲ್ಲ. ಮ್ಯಾಪಲ್ಲೇ ಇಲ್ವಂತೆ" ಎಂದ.

"ಸರಿ, ಅಲ್ಲಾಡಿ" ಎಂದ ಜಯರಾಜ. ಎಲ್ಲರೂ ಒಟ್ಟಿಗೇ ಉಸಿರುಬಿಟ್ಟರು. ಸಾತವ್ವ ತಟ್ಟೆ ಬಾರಿಸಿ, ಅವನ ಬೂಟಿನ ಮೇಲೇ ನೀರು ಹೊಯ್ದು, ನನ್ನ ತಲೆಯಿಂದ ಪೇಟ ಬಿಚ್ಚಿ ಅವನ ತಲೆಗೆ ಸುತ್ತಿದಳು. ಅವನು ಪಿಸ್ತೂಲನ್ನು ಅವಳ ಹಣೆಗೇ ಹಿಡಿದಿದ್ದ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಗಂಟು ಬಿಗಿದಳು. ನನ್ನ ತಲೆ ಹಗುರಾಯಿತು. ಯಾರ ಕೈಗೆ ಊರು ಹೋಯಿತೆಂದು ಯೋಚಿಸುವ ಬುದ್ಧಿ ನನಗೆ ಆ ಗಳಿಗೆಯಲ್ಲಿ ಇರಲಿಲ್ಲ. ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿದಿತ್ತು.

ಜಯರಾಜನಿಗೆ ಬೇಕಿದ್ದದ್ದು ಜೈಲಿನಲ್ಲಿರುವ ಅವನ ಅಣ್ಣ. ಅಣ್ಣನನ್ನು ಬಿಟ್ಟರೆ ಪ್ರಯಾಣಿಕರನ್ನು ಬಿಡುತ್ತೇನೆಂದು ವಿಮಾನವನ್ನು ಅಪಹರಿಸಿದ್ದ. ದಾರಿ ತಪ್ಪಿ, ಎಣ್ಣೆ ತೀರಿ ಇಲ್ಲಿಗೆ ಬಂದು ಬಿದ್ದಿದ್ದರು. "ಪೆಟ್ರೋಲ್ ತನ್ನಿ" ಎಂದ. ಊರಿನಲ್ಲಿ ಪೆಟ್ರೋಲ್ ಎಲ್ಲಿಯದು? ಮನೆಮನೆಯ ದೀಪದೆಣ್ಣೆ ತಂದು ಅವನ ಮುಂದೆ ಕೊಡಗಳಲ್ಲಿ ಇಟ್ಟರು. ಮಕ್ಕಳ ತಲೆಗೆ ಹಚ್ಚುವ ಹರಳೆಣ್ಣೆಯನ್ನೂ ಬಿಡಲಿಲ್ಲ.

"ನಿಮಗೆ ಹೆದರಿಕೆ ಆಗಲ್ವಾ?" ಎಂದು ಅವನು ಸಾತವ್ವನನ್ನು ಕೇಳಿದ.

"ಅಪ್ಪಣಿ ಆದ್ರ ಹೆದರ್ತೀವ್ರಿ" ಎಂದಳು.

"ನಾನು ಹೇಳಿದ್ದೆಲ್ಲ ಯಾಕೆ ಕೇಳ್ತೀರಿ?"

"ಕೊನೀಗೆ ಬಂದವರು ನೀವ್ರಿ."

"ಇನ್ಯಾರಾದ್ರೂ ಇಳಿದ್ರೆ?"

"ಆಗ ಅವರ ಮಾತು ಕೇಳ್ತೀವ್ರಿ."

ಅವನು ಏಣಿಯ ಮೇಲಿದ್ದ ಜೊತೆಗಾರನ ಕಡೆ ತಿರುಗಿ, "ಮೋಹಿತ, ಒಬ್ಬರೂ ಕೆಳಗೆ ಇಳೀಬಾರದು. ನೀನೂ ಇಳೀಬೇಡ" ಎಂದ. ಸಾತವ್ವ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಹೋದವರು ತಿರುಗಿ ಬಂದರೆ ಏನಾಗುತ್ತದೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹೊತ್ತು ಇಳಿಯುತ್ತ ಬಂತು. ವಿಮಾನದ ರೇಡಿಯೋದಲ್ಲಿ ಮಾತಾಡಿ ಬಂದ ಪೈಲಟ್ಟು ಬಾಗಿಲಲ್ಲಿ ನಿಂತು, ಅಣ್ಣನನ್ನು ಬಿಡುವುದಿಲ್ಲವಂತೆ ಎಂದ. ಜಯರಾಜನ ಮುಖ ಕಪ್ಪಿಟ್ಟಿತು. ಅವನ ಕಣ್ಣು ಎಣ್ಣೆಯ ಕೊಡಗಳ ಮೇಲೆ ಹೋಯಿತು, ಆಮೇಲೆ ಬಯಲಂಚಿನಲ್ಲಿ ಒಟ್ಟಿದ್ದ ಮೆಣಸಿನಗಿಡದ ಒಣಕಡ್ಡಿಯ ಮೇಲೆ ಹೋಯಿತು. "ವಿಮಾನದ ಸುತ್ತ ಕಡ್ಡಿ ಒಟ್ಟಿ. ಎಣ್ಣೆ ಸುರೀರಿ. ಸೂರ್ಯ ಆ ಗುಡ್ಡ ಮುಟ್ಟಿದ ಕೂಡ್ಲೇ ಬೆಂಕಿ ಹಚ್ಚಿ. ಈಗಲೇ ಹೇಳಿಬಿಟ್ಟಿದ್ದೀನಿ, ಮತ್ತೆ ನನ್ನ ಕೇಳೋ ಹಾಗಿಲ್ಲ" ಎಂದ. ಪೈಲಟ್ಟಿಗೆ, "ಹೋಗು, ಇದನ್ನ ಅವ್ರಿಗೆ ಹೇಳು" ಎಂದ.

ಅವನು ನಿಜವಾಗಿ ಸುಡಬೇಕೆಂದಿದ್ದನೋ, ಬರೀ ಹೆದರಿಸಬೇಕೆಂದಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ಊರಿನಲ್ಲಾಗಿದ್ದರೆ ಅದು ಬೆದರಿಕೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಇದು "ಹಾಳಾಗಿ ಹೋಗ್ರಿ" ಎಂದರೆ ಹೆಂಚು ಕೀಳುವ ಊರು. ಗಂಡಸರು ಕಡ್ಡಿಯ ಹೊರೆ ಹೊತ್ತು ತಂದರು. ಹೆಂಗಸರು ಅಳುತ್ತಲೇ ಎಣ್ಣೆ ಸುರಿದರು. ವಿಮಾನದ ಕಿಟಕಿಗಳಲ್ಲಿ ಮುಖಗಳು ಕಂಡವು. ಒಂದು ಮಗು ಗಾಜಿಗೆ ಅಂಗೈ ಒತ್ತಿತ್ತು. ಕೆಳಗೆ ಕಡ್ಡಿ ಒಟ್ಟುತ್ತಿದ್ದ ಹೆಂಗಸೊಬ್ಬಳು ಅದಕ್ಕೆ ಕೈ ಬೀಸಿ, ಕಣ್ಣೊರೆಸಿಕೊಂಡು ಮತ್ತೊಂದು ಹೊರೆ ಇಟ್ಟಳು. ಅವಳನ್ನು ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

"ಇದೇನು ಮಾಡಾಕತ್ತೀರಿ? ಮಂದಿ ಸಾಯ್ತಾರ!" ಎಂದು ಕೂಗಿದೆ. ಯಾರೂ ಕಿವಿಗೊಡಲಿಲ್ಲ. ನಿನ್ನೆಯ ತನಕ ನಾನು ಕೆಮ್ಮಿದರೆ ನೀರು ತರುತ್ತಿದ್ದವರು! ಸಾತವ್ವ ನನ್ನ ಕೈಗೆ ಬುತ್ತಿಗಂಟು ಕೊಟ್ಟು, "ಹೊರಡು ತಮ್ಮಾ. ಕತ್ತಲಾಗೂದ್ರಾಗ ಕಲ್ಲು ದಾಟಬೇಕು" ಎಂದಳು. ದಾರಿಯುದ್ದಕ್ಕೂ ನನ್ನ ಜೊತೆ ನಡೆದಳು. ಎಂದಿನಂತೆ ಗುಡಿಸಲಿಗೆ ಹೋಗದೆ, ಕಲ್ಲಿನ ಪಕ್ಕ ತಟ್ಟೆ ಹಿಡಿದು ನೀರಿನ ತಂಬಿಗೆ ಇಟ್ಟುಕೊಂಡು ಕೂತಳು.

ನಾನು ನನ್ನ ಹಳೆಯ ಸೈಕಲ್ ತಳ್ಳಿಕೊಂಡು ಕಲ್ಲು ದಾಟಿದೆ. ರಸ್ತೆ ಈ ಸಲ ತಿರುಗಲಿಲ್ಲ. ಕೆಳಗೆ ಸಂತೆಯ ಊರಿನ ಹೊಗೆ, ಟಾರು ರಸ್ತೆ, ಅದರ ಮೇಲೆ ಹೋಗುವ ಲಾರಿ ಎಲ್ಲ ಕಂಡವು. ಆರು ವರ್ಷ ಕನಸಿನಲ್ಲಿ ಕಂಡದ್ದು. ಸೈಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ನೀಲವ್ವನ ಮುಂದೆ ನಿಲ್ಲಬಹುದಿತ್ತು. ಆ ಜನ ನನಗೇನೂ ಆಗಬೇಕಾದವರಲ್ಲ. ನಾನೊಬ್ಬ ರಿಪೇರಿಯವನು, ಪಿಸ್ತೂಲಿನ ಮುಂದೆ ನನ್ನದೇನು ನಡೆದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ತಟ್ಟೆ ಹಿಡಿದು ಕೂತ ಸಾತವ್ವ ಕಣ್ಣಿಗೆ ಕಟ್ಟಿದಳು. ನೀರು ತುಂಬಿಟ್ಟುಕೊಂಡು ಯಾರಿಗಾಗಿ ಕಾಯುತ್ತಿದ್ದಾಳೆ? ಇವತ್ತು ಇನ್ನು ಯಾರು ಬರುವವರಿದ್ದಾರೆ? ನನಗಾಗಿಯೇ ಎಂದು ತಟ್ಟನೆ ಹೊಳೆಯಿತು. ತಿರುಗಿ ಹೋದರೆ ಪೇಟ ಮತ್ತೆ ನನ್ನ ತಲೆಗೆ. ಮತ್ತೆಷ್ಟು ವರ್ಷವೋ, ಯಾರಿಗೆ ಗೊತ್ತು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ ಇರಬೇಕು. ರಸ್ತೆಯ ನಡುವೆ ನಿಂತು ಗಟ್ಟಿಯಾಗಿ ಅತ್ತೆ. ಆಮೇಲೆ ಸೈಕಲ್ ತಿರುಗಿಸಿ, ಹಿಂದೆಂದೂ ತುಳಿಯದಷ್ಟು ಜೋರಾಗಿ ಪೆಡಲ್ ತುಳಿದೆ.

ಕಲ್ಲಿನ ಹತ್ತಿರ ಇಳಿದು ಕಾಲು ನೆಲಕ್ಕೆ ಊರಿದ್ದೇ ಸಾತವ್ವ ನೀರೆರಚಿ, ಕೈ ಸೋಲುವಂತೆ ತಟ್ಟೆ ಬಾರಿಸುತ್ತ ನನ್ನ ಹಿಂದೆ ಓಡಿ ಬಂದಳು. "ಬಂದ್ರು! ಬಂದ್ರು!" ಎಂಬ ಅವಳ ಕೂಗು ಮನೆಯಿಂದ ಮನೆಗೆ ದಾಟಿ ನಮಗಿಂತ ಮೊದಲೇ ಬಯಲು ಮುಟ್ಟಿತು. ನಾನು ಹೋದಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ಪಂಜು ಹಿಡಿದವರು ಕಡ್ಡಿಯ ಹತ್ತಿರ ಬಗ್ಗಿದವರು ಬಗ್ಗಿದಂತೆಯೇ ನನ್ನ ಕಡೆ ನೋಡುತ್ತಿದ್ದರು.

"ಪಂಜು ಆರಿಸ್ರಿ!" ಎಂದೆ. ಆರಿಸಿದರು.

"ಯಾಕ್ರೋ ಆರಿಸಿದ್ರಿ? ಹಚ್ರೋ! ನಾನು ಹೇಳ್ತಿದ್ದೀನಿ!" ಎಂದು ಜಯರಾಜ ಚೀರಿದ.

"ನೀವು ಹಿಂದಿನವ್ರಾದ್ರಿ. ಇವ್ರು ಈಗ ಬಂದ್ರು" ಎಂದು ಪಂಜಿನವನು ಮರ್ಯಾದೆಯಿಂದಲೇ ಹೇಳಿದ.

ಜಯರಾಜನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಪಿಸ್ತೂಲು ನನ್ನ ಕಡೆ ತಿರುಗಿತ್ತು. ಅದರ ತೂತು ನನ್ನ ಯಂತ್ರದ ಸೂಜಿಕಣ್ಣಿನಷ್ಟು ಸಣ್ಣದು, ಆದರೂ ಬೇರೇನೂ ಕಾಣಲಿಲ್ಲ. ಏನು ಹೇಳುವುದು? ಹಿಡಿಯಿರಿ ಎಂದರೆ ಇವರು ಹಿಡಿಯಲು ಹೋಗಿ ಒಬ್ಬೊಬ್ಬರಾಗಿ ಗುಂಡು ತಿನ್ನುತ್ತಾರೆ. ಅವನ ಹಿಂದೆ ಮೊರ ಹಿಡಿದು ನಿಂತ ಹೆಂಗಸರು ಕಂಡರು. "ತೂರ್ರಿ! ಇದ್ದಬದ್ದ ಖಾರ ಎಲ್ಲಾ ತೂರ್ರಿ!" ಎಂದು ಕೂಗಿ ನೆಲಕ್ಕೆ ಬಿದ್ದುಕೊಂಡೆ.

ಮೊರಗಳು ಒಟ್ಟಿಗೆ ಮೇಲೆದ್ದವು. ಚಕ್ರದಡಿ ಪುಡಿಯಾಗಿದ್ದ ಕಾಯಿ, ಬೀಜ, ಧೂಳು ಎಲ್ಲ ಅವನ ಮೇಲೆ ಸುರಿಯಿತು. ಗುಂಡು ಹಾರಿದ್ದು ಕೇಳಿತು. ನನ್ನ ಸೈಕಲ್ಲಿನ ಸೀಟು ಸೀಳಿತೆಂದು ಆಮೇಲೆ ಗೊತ್ತಾಯಿತು. ಅವನು ಕಣ್ಣು ಮುಚ್ಚಿಕೊಂಡು ಮೊಣಕಾಲ ಮೇಲೆ ಕುಸಿದ. ನಾಲ್ಕು ಜನ ಅವನ ಮೇಲೆ ಬಿದ್ದು ಅವನದೇ ಪೇಟದಿಂದ ಕೈ ಕಟ್ಟಿದರು.

"ಬಾಂಬ್ ಇದೆ! ಅವನನ್ನ ಬಿಡಿ!" ಎಂದು ಏಣಿಯ ಮೇಲೆ ಮೋಹಿತ ಚೀಲ ಎತ್ತಿ ಹಿಡಿದ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಕೆಳಗಿನ ಮೆಟ್ಟಿಲಿಗೆ ಬಂದ. ನನಗೆ ಬಾಂಬಿಗಿಂತ ಅವನ ಕಾಲಿನ ಹೆದರಿಕೆ ಹೆಚ್ಚು. ಅವನು ಇನ್ನೊಂದು ಮೆಟ್ಟಿಲು ಇಳಿದರೆ ಊರು ಅವನದಾಗುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಮುದಿ ಕೈ ಬಂದು ಅವನ ಕಾಲರ್ ಹಿಡಿದು ಮೇಲಕ್ಕೆಳೆಯಿತು. ಇನ್ನೊಂದು ಕೈ ಚೀಲ ಕಿತ್ತುಕೊಂಡಿತು. ಬೆಳ್ಳಿ ಕೂದಲ, ದಪ್ಪ ಕನ್ನಡಕದ ಹೆಂಗಸು. ಕಮಲಾಕ್ಷಿ ಟೀಚರ್ ಎಂದು ಆಮೇಲೆ ಹೆಸರು ತಿಳಿಯಿತು. ನಿವೃತ್ತಿಯಾದ ಹೆಡ್ ಮಿಸ್ಟ್ರೆಸ್ಸು.

"ಮಧ್ಯಾಹ್ನದಿಂದ ನೋಡ್ತಾ ಇದ್ದೀನಿ" ಎಂದರು ಅವರು. "ಇದರ ಮೇಲೇ ತಲೆ ಇಟ್ಟು ಗೊರಕೆ ಹೊಡೀತಿದ್ದೆಯಲ್ಲೋ. ಬಾಂಬ್ ಮೇಲೆ ಯಾರಾದ್ರೂ ಮಲಗ್ತಾರಾ?" ಚೀಲದ ಬಾಯಿ ಬಿಚ್ಚಿ ಕೊಡವಿದರು. ಒಂದು ಜೊತೆ ಬಟ್ಟೆ, ಟವೆಲ್ಲು, ಒಂದು ಅಲಾರಂ ಗಡಿಯಾರ ಬಿದ್ದವು. ಮೋಹಿತ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ.

ಪ್ರಯಾಣಿಕರು ಬಾಗಿಲಿಗೆ ನುಗ್ಗಿದರು. ಸಾತವ್ವ ನನ್ನ ಕಿವಿಯ ಹತ್ತಿರ ಬಂದು, "ಒಬ್ಬರು ಇಳಿದ್ರ ಸಾಕು ತಮ್ಮಾ. ನೀ ಇವತ್ತ ಹೋಗಬಹುದು" ಎಂದಳು. ನಿಜವೇ. ಎಲ್ಲರಿಗಿಂತ ಮುಂದೆ ಒಬ್ಬ ಯುವಕ, ಒಂದು ಕೈಲಿ ಕಿಟಕಿಯಲ್ಲಿ ಕಂಡಿದ್ದ ಆ ಮಗು, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಅವನು ಎಲ್ಲಿಗೆ ಹೊರಟಿದ್ದನೋ, ಅವನಿಗಾಗಿ ಯಾರು ಹಿಟ್ಟು ನಾದುತ್ತಿದ್ದರೋ. ಒಂದು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂಬುದು ನಿಜ.

"ಕಾಲು ಮ್ಯಾಲೆತ್ತಪಾ!" ಎಂದು ಕೂಗಿದೆ. "ಯಾರೂ ನೆಲಾ ಮುಟ್ಟಬ್ಯಾಡ್ರಿ! ಬಂಡಿ ತರ್ರಿ!"

ಎತ್ತಿನ ಬಂಡಿಗಳನ್ನು ಏಣಿಗೆ ತಾಗಿಸಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಎತ್ತಿ ಕೂರಿಸಿದೆವು. ಜೀವ ಉಳಿದವರು ದೇವರ ಹೆಸರು ಹೇಳುವುದು ಬಿಟ್ಟು ನಮ್ಮನ್ನು ಬೈದರು. ಕಾಲು ಜೋಮು ಹಿಡಿದಿದೆ ಎಂದರು, ಒಂದಕ್ಕೆ ಹೋಗಬೇಕು ಎಂದರು, ಇವರೂ ಅವರ ಕಡೆಯವರೇ ಎಂದು ಪಿಸುಗುಟ್ಟಿದರು. ಪೈಲಟ್ಟು ಮಾತ್ರ ಬಂಡಿಯಲ್ಲಿ ಕೂತು ದಿಕ್ಸೂಚಿ ತಟ್ಟುತ್ತ, "ಉತ್ತರ ಯಾವ ಕಡೆ?" ಎಂದು ಎತ್ತುಗಳನ್ನು ಕೇಳುತ್ತಿದ್ದ. ಮೋಹಿತನನ್ನೂ ಜಯರಾಜನನ್ನೂ ಕೊನೆಯ ಬಂಡಿಯಲ್ಲಿ ಹಾಕಿದೆವು. ಬಂಡಿಗಳು ಕಲ್ಲಿನ ತನಕ. ಅಲ್ಲಿ ಪೇಟ ಬಿಚ್ಚಿಕೊಂಡು ಜಯರಾಜನ ಕೈಗೆ ಹಗ್ಗ ಬಿಗಿದೆವು. ಅಲ್ಲಿಂದಾಚೆ ಅವರು ಇಳಿದು ನಡೆಯಬೇಕು. ವಿಮಾನ ಇಳಿದದ್ದನ್ನು ಯಾರೋ ಕಂಡು ಹೇಳಿರಬೇಕು, ಕೆಳಗೆ ಟಾರು ರಸ್ತೆಯಲ್ಲಿ ಪೊಲೀಸರ ಗಾಡಿಗಳ ದೀಪಗಳು ಮಿನುಗುತ್ತಿದ್ದವು.

ಕಮಲಾಕ್ಷಿ ಟೀಚರ್ ಕಲ್ಲಿನಾಚೆ ಇಳಿದು ನಿಂತರು. ಬಂಡಿಯಲ್ಲಿ ಬರುತ್ತ ಸಾತವ್ವನಿಂದ ಎಲ್ಲ ಕೇಳಿ ತಿಳಿದುಕೊಂಡಿದ್ದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳನ್ನು ಸರಿಯಾಗಿ ಕೇಳಲು ಬಂದದ್ದು ಅವರೊಬ್ಬರಿಗೇ. "ನಿಮ್ಮ ಮನೆಯವ್ರಿಗೆ ಏನು ಹೇಳ್ಲಿ?" ಎಂದರು.

ಹೇಳುವುದು ಬೆಟ್ಟದಷ್ಟಿತ್ತು. "ಊಟಕ್ಕ ತಡಾ ಆಗ್ತದ ಅಂತ ಹೇಳ್ರಿ" ಎಂದೆ.

ವಿಮಾನ ಅಲ್ಲೇ ಉಳಿಯಿತು. ಯಾರೂ ಹುಡುಕಿಕೊಂಡು ಬರಲಿಲ್ಲ. ಬರಲು ದಾರಿ ಸಿಗಲಿಲ್ಲವೋ ಏನೋ. ಹೆಂಗಸರು ಅದರ ರೆಕ್ಕೆಯ ಮೇಲೆ ಹಪ್ಪಳ ಒಣಗಿಸಲು ಅಪ್ಪಣೆ ಕೇಳಿದರು, ಕೊಟ್ಟೆ. ಮೋಹಿತನ ಅಲಾರಂ ಗಡಿಯಾರವನ್ನು ಚಾವಡಿಯಲ್ಲಿ ಇಟ್ಟರು. ಅದು ಹೊಡೆದುಕೊಂಡಾಗಲೆಲ್ಲ ಯಾರ ಅಪ್ಪಣೆ ಎಂದು ಗಾಬರಿಯಾಗುತ್ತಾರೆ. ನಾನು ಕಿತ್ತುಹೋದ ಪೇಟವನ್ನು ಭೀಮಸಿಯ ಯಂತ್ರದಲ್ಲಿ ಹೊಲಿದು ಮತ್ತೆ ಸುತ್ತಿಕೊಂಡೆ. ಬೆಳಗಾದರೆ ಮತ್ತೆ ಅದೇ ಸಾರಿನ ಪ್ರಶ್ನೆ.

ಹೊಸ ಮೆಣಸಿನಕಾಯಿ ಬಯಲಿಗೆ ಬಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಸಾತವ್ವ ಏದುಸಿರು ಬಿಡುತ್ತ ಬಂದಳು. "ಯಾರೋ ಹೆಣ್ಮಗಳು ಬಂದಾಳ. ಕಲ್ಲಿನಾಚೆನ ನಿಂತಾಳ, ಒಳಗ ಬರವಲ್ಲಳು. ನಿನ್ನ ಹೆಸರು ಹಿಡದು ಬೈಯಾಕತ್ಯಾಳ" ಎಂದಳು.

ಬೈಗುಳ ಕೇಳಿಯೇ ಗುರುತು ಸಿಕ್ಕಿತು. ನೀಲವ್ವ ಕಲ್ಲಿಗೆ ಒಂದು ಗೇಣು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಗಲಲ್ಲಿ ಒಂದು ಗಂಟು. ನನ್ನನ್ನು ನೋಡಿ ಅವಳ ಬೈಗುಳ ಅರ್ಧಕ್ಕೇ ನಿಂತಿತು. ಇಬ್ಬರೂ ಕಲ್ಲಿನ ಆಚೆ ಈಚೆ ನಿಂತು ಅತ್ತೆವು. ಸಾತವ್ವ ತನ್ನ ಗುಡಿಸಲ ಗೋಡೆಗೆ ಮುಖ ಮಾಡಿ ನಿಂತಳು.

"ಆ ಟೀಚರು ಊರೂರು ಹುಡುಕಿಕೊಂಡು ಬಂದು ಹೇಳಿದ್ರು" ಎಂದಳು ನೀಲವ್ವ. "ಎಲ್ಲಾ ಹೇಳಿದ್ರು. ನನಗ ಒಂದೂ ತಿಳೀಲಿಲ್ಲ. ಈಗ ನಾ ಒಳಗ ಬಂದ್ರ ಏನಾಗ್ತೈತಿ?"

"ಬರಬ್ಯಾಡ. ನೀ ದೊಡ್ಡಾಕಿ ಆಗ್ತಿ. ನಾ ಕತ್ತಲಾಗೂದ್ರಾಗ ಹೋಗಬೇಕಾಗ್ತೈತಿ. ಆಮ್ಯಾಲೆ ನೀ ಇಲ್ಲೇ, ನಾ ಅಲ್ಲೇ."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ದೊಡ್ಡಾಕಿ ಅಂದ್ರ ನಾ ಹೇಳಿದ್ದು ನಡೀತೈತಿ, ಹೌದಿಲ್ಲೋ?"

"ಹೌದು."

"ಯಾರೂ ಎದುರಾಡಂಗಿಲ್ಲ?"

"ಯಾರೂ ಎದುರಾಡಂಗಿಲ್ಲ."

ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ನೀಲವ್ವ ಸೆರಗು ಸಿಕ್ಕಿಸಿಕೊಂಡು ಕಲ್ಲು ದಾಟಿ ಒಳಗೆ ಕಾಲಿಟ್ಟಳು. ಸಾತವ್ವ ನೀರು ಹೊಯ್ದಳು, ತಟ್ಟೆ ಬಾರಿಸಿದಳು, ಪೇಟ ಸುತ್ತಿದಳು. ಊರು ಬಂದು ಸುತ್ತ ನೆರೆಯಿತು. "ಅಪ್ಪಣಿ ಏನ್ರಿ?" ಎಂದಿತು. ಹಿಂದೆ ಯಾರೋ ಆಗಲೇ ನನಗೆ ಬುತ್ತಿ ಕಟ್ಟುತ್ತಿದ್ದರು.

"ಆ ಬುತ್ತಿ ಬಿಚ್ಚಿಡ್ರಿ. ಇಂವ ಎಲ್ಲೂ ಹೋಗಂಗಿಲ್ಲ" ಎಂದಳು ನೀಲವ್ವ. "ಕತ್ತಲಾದ್ರೂ ಇಲ್ಲ, ಬೆಳಗಾದ್ರೂ ಇಲ್ಲ. ಇದು ನನ್ನ ಅಪ್ಪಣಿ." ಆಮೇಲೆ ನನ್ನ ಕಡೆ ತಿರುಗಿ, "ಕೈ ತೊಳಕೊಂಡು ಊಟಕ್ಕ ಕೂಡು" ಎಂದಳು.

ಗಡಿಕಲ್ಲಿನ ಪಕ್ಕದಲ್ಲೇ ಕೂತೆ. ಅವಳು ಗಂಟು ಬಿಚ್ಚಿ ರೊಟ್ಟಿ ಹಾಕಿ, ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಇಡೀ ಊರು ನೋಡುತ್ತಿರುವಾಗ ನನ್ನ ಎದುರು ಕೂತಳು. "ಹೆಂಗಾಗೈತಿ?" ಎಂದು ಕೇಳಿದಳು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಆದರೆ ಊರಿನ ದೊಡ್ಡವಳ ಎದುರು ಹಾಗೆ ಹೇಳಲು ನಾನು ಯಾರು? ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.